ಎಂಜಿಬಿಯ ಹಿಂದಿನ ಆಕ್ಸಲ್‌ನಲ್ಲಿರುವುದು ಯಾವ ಗೇರ್ ಅನುಪಾತ? ಎಣಿಸಿ ತಿಳಿಯುವ ಕ್ರಮ

1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್‌ಡನ್ ಕಾರ್ಖಾನೆಯಲ್ಲಿ ತಯಾರಾದ ನಾಲ್ಕು ಸಿಲಿಂಡರಿನ ಎಂಜಿಬಿ ಸ್ಪೋರ್ಟ್ಸ್ ಕಾರುಗಳಿಗೆ ಹಿಂದಿನ ಆಕ್ಸಲ್ ಅನುಪಾತ 3.909, ಅಂದರೆ ಹಿಂದಿನ ಚಕ್ರಗಳು ಒಂದು ಸುತ್ತು ತಿರುಗಲು ಎಂಜಿನ್ ಕಡೆಯಿಂದ ಬರುವ ಶಾಫ್ಟ್ ಅಷ್ಟು ಸುತ್ತು ತಿರುಗಬೇಕು. ಕೈಪಿಡಿಯಲ್ಲಿ ಇರುವುದು ಇಷ್ಟೇ. ಆದರೆ ಅದು ಕಾರು ಹೊಸದಾಗಿದ್ದಾಗಿನ ಮಾತು. ಅರ್ಧ ಶತಮಾನದಲ್ಲಿ ನಾಲ್ಕಾರು ಕೈ ಬದಲಾದ ಕಾರಿನಲ್ಲಿ ಆಕ್ಸಲ್ ಹಾಗೇ ಉಳಿದಿದೆ ಎಂದು ನಂಬಲು ಆಧಾರವಿಲ್ಲ. ಎಂಜಿಬಿಗಿಂತ ಮುಂಚಿನ ಮಾದರಿಯಾದ ಎಂಜಿಎಯ 4.3 ಅಥವಾ 4.1 ಜೋಡಿ ಒಳಗೆ ಸೇರಿರಬಹುದು, ಹೆದ್ದಾರಿಯ ಓಟಕ್ಕೆಂದು ಯಾರೋ ಎಂಟು ಸಿಲಿಂಡರಿನ ವಿ8 ಮಾದರಿಯ 3.07 ಹಾಕಿರಬಹುದು. ಹೊರಗಿನಿಂದ ನೋಡಿದರೆ ಯಾವುದೂ ಗೊತ್ತಾಗುವುದಿಲ್ಲ. ಓವರ್‌ಡ್ರೈವ್ (ಅದೇ ವೇಗದಲ್ಲಿ ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರ್) ಕೂರಿಸುವ, ಸ್ಪೀಡೋಮೀಟರ್ ಸರಿಮಾಡಿಸುವ, ಆಕ್ಸಲ್ ಒಳಗಿನ ಗೇರ್ ಜೋಡಿಯಾದ ಕ್ರೌನ್ ವೀಲ್ (ದೊಡ್ಡದು) ಮತ್ತು ಪಿನಿಯನ್ (ಚಿಕ್ಕದು) ತರಿಸುವ ಮುಂಚೆ ಈ ಅಂಕಿಯನ್ನು ಕಾರಿನಿಂದಲೇ ತೆಗೆಯಬೇಕು.

ಅನುಪಾತ ಎಂದರೆ ಕ್ರೌನ್ ವೀಲಿನ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿದರೆ ಬರುವ ಸಂಖ್ಯೆ. 43 ಹಲ್ಲಿನ ಕ್ರೌನ್, 11 ಹಲ್ಲಿನ ಪಿನಿಯನ್, ಆಗ 3.909. ಹಲ್ಲು ಎಂದೂ ಅರ್ಧ ಇರುವುದಿಲ್ಲ. ಹಾಗಾಗಿ ಅನುಪಾತವೂ ಯಾವ ಸಂಖ್ಯೆ ಬೇಕಾದರೂ ಆಗಲಾರದು; ಎರಡು ಪೂರ್ಣಾಂಕಗಳ ಭಿನ್ನರಾಶಿಯೇ ಆಗಿರಬೇಕು. ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಸರಿಯುತ್ತರಕ್ಕೆ ತಲುಪಲು ಇದೇ ದಾರಿ. ಈ ಕಾರುಗಳ ಸುತ್ತಮುತ್ತ ಸಿಗುವ ಜೋಡಿಗಳು ಹೀಗಿವೆ:

43/10 = 4.300, ಎಂಜಿಎ 1500 ಮತ್ತು 1600
41/10 = 4.100, ಎಂಜಿಎ 1600 ಮಾರ್ಕ್ 2
43/11 = 3.909, ಎಂಜಿಬಿ
37/10 = 3.700, ನಂತರದ ಎಂಜಿಸಿ (ಎಂಜಿಬಿಯ ಆರು ಸಿಲಿಂಡರಿನ ರೂಪ), ಓವರ್‌ಡ್ರೈವ್ ಇರುವಲ್ಲಿ
43/13 = 3.307, ಎಂಜಿಸಿ
43/14 = 3.071, ಮೊದಲಿನ ಎಂಜಿಸಿ, ಎಂಜಿಬಿ ಜಿಟಿ ವಿ8

ಒಂದು ಚಕ್ರ ಎತ್ತಿ ಎಣಿಸುವುದು

ನಂಬಲು ಯೋಗ್ಯವಾದ ವಿಧಾನ ಇದೇ. ಏನನ್ನೂ ಬಿಚ್ಚಬೇಕಿಲ್ಲ, ಎಣ್ಣೆ ಇಳಿಸಬೇಕಿಲ್ಲ. ಬೇಕಾದದ್ದು ಒಂದು ಜಾಕಿ, ಭಾರ ಹೊರುವ ಒಂದು ಸ್ಟ್ಯಾಂಡ್, ನಾಲ್ಕಾರು ಮರದ ಅಡ್ಡಗಟ್ಟೆ, ಬಿಳಿ ಪೇಂಟು ಅಥವಾ ಸೀಮೆಸುಣ್ಣ, ಟಾರ್ಚು, ಗಟ್ಟಿ ತಂತಿಯ ತುಂಡು, ಜೊತೆಗೆ ಇನ್ನೊಬ್ಬರು.

ಕಾರನ್ನು ಸಮತಟ್ಟಾದ ಸಿಮೆಂಟು ನೆಲದ ಮೇಲೆ ನಿಲ್ಲಿಸಿ. ಈ ಕೆಲಸದಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಅಂದರೆ ಕಾರನ್ನು ಹಿಡಿದಿಡುವುದು ಅಡ್ಡಗಟ್ಟೆಗಳು ಮಾತ್ರ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕೊಡಿ. ನೆಲದ ಮೇಲೆ ಉಳಿಯುವ ಹಿಂದಿನ ಚಕ್ರಕ್ಕೂ ಎರಡೂ ಕಡೆ ಬಿಗಿಯಾಗಿ ಕೊಡಿ. ಆಮೇಲೆ ಇನ್ನೊಂದು ಹಿಂದಿನ ಚಕ್ರವನ್ನು ಎತ್ತಿ, ಆ ಬದಿಯ ಆಕ್ಸಲ್ ಕೊಳವೆಯ ಕೆಳಗೆ ಸ್ಟ್ಯಾಂಡ್ ಇಟ್ಟು ಭಾರ ಅದರ ಮೇಲೆ ಇಳಿಸಿ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ.

ಆಕ್ಸಲ್ ನಡುವಿನ ಗೇರ್ ಭಾಗವಾದ ಡಿಫರೆನ್ಷಿಯಲ್‌ನ ಮೂತಿಯಲ್ಲಿ, ಗೇರ್‌ಬಾಕ್ಸ್‌ನಿಂದ ಪ್ರೊಪೆಲ್ಲರ್ ಶಾಫ್ಟ್ ಬಂದು ಕೂಡುವ ಫ್ಲೇಂಜ್ ಅಂಚಿನ ಮೇಲೆ ಸಣ್ಣ ಬಿಳಿ ಗೆರೆ ಎಳೆಯಿರಿ. ತಂತಿಯನ್ನು ಆಕ್ಸಲ್ ಹೌಸಿಂಗಿಗೆ ಟೇಪಿನಿಂದ ಅಂಟಿಸಿ, ತುದಿ ಆ ಗೆರೆಯ ಎದುರಿಗೆ ಬರುವಂತೆ ಬಾಗಿಸಿ. ಎತ್ತಿದ ಟೈರಿನ ಮೇಲೂ ಒಂದು ಗೆರೆ ಬೇಕು. ಮಡ್‌ಗಾರ್ಡ್ ಅಂಚಿನಿಂದ ಭಾರ ಕಟ್ಟಿದ ದಾರ ಇಳಿಬಿಟ್ಟರೆ ಅದೇ ಚಕ್ರದ ಸೂಚಿ.

ಈಗ ಚಕ್ರವನ್ನು ಕಾರು ಮುಂದೆ ಹೋಗುವ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಮೊದಲು ಒಂದಿಷ್ಟು ದೂರ ಚಕ್ರ ತಿರುಗಿದರೂ ಶಾಫ್ಟ್ ಅಲುಗುವುದಿಲ್ಲ. ಅದು ಹಲ್ಲುಗಳ ನಡುವಿನ ಪ್ಲೇ, ಅಂದರೆ ಸಡಿಲು. ಕೊಳವೆಯಾಕಾರದ ಸ್ಯಾಲಿಸ್‌ಬರಿ ಮಾದರಿಯ ಎಂಜಿಬಿ ಆಕ್ಸಲ್‌ಗಳಲ್ಲಿ ಒಳಗಿನ ಥ್ರಸ್ಟ್ ವಾಷರ್‌ಗಳು ಸವೆದಿರುವುದು ತೀರಾ ಸಾಮಾನ್ಯ, ಹಾಗಾಗಿ ಪ್ಲೇ ನಿಮ್ಮ ನಿರೀಕ್ಷೆಗಿಂತ ಹೆಚ್ಚೇ ಇರುತ್ತದೆ. ಪ್ಲೇ ಮುಗಿದು ಶಾಫ್ಟ್ ಚಲಿಸತೊಡಗಿದ ಮೇಲೆ ಎರಡೂ ಗೆರೆಗಳನ್ನು ಅವುಗಳ ಸೂಚಿಗೆ ಹೊಂದಿಸಿಕೊಳ್ಳಿ. ಬೇಕಾದರೆ ಹಳೆಯ ಗೆರೆ ಒರೆಸಿ ಹೊಸದು ಹಾಕಿ. ಎಣಿಕೆ ಶುರುವಾಗುವುದು ಇಲ್ಲಿಂದ.

ಎತ್ತಿದ ಚಕ್ರವನ್ನು ಸರಿಯಾಗಿ 20 ಸುತ್ತು ತಿರುಗಿಸಿ. ಒಬ್ಬರು ಚಕ್ರ ತಿರುಗಿಸುತ್ತಾ ಅದರ ಸುತ್ತು ಎಣಿಸಲಿ, ಇನ್ನೊಬ್ಬರು ಬದಿಯಿಂದ ಟಾರ್ಚು ಹಿಡಿದು ಶಾಫ್ಟಿನ ಸುತ್ತು ಎಣಿಸಲಿ. ಎರಡನ್ನೂ ಒಬ್ಬರೇ ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ. ಶಾಫ್ಟಿನ ಸುತ್ತುಗಳನ್ನು 10ರಿಂದ ಭಾಗಿಸಿದರೆ ಅನುಪಾತ. 39 ಸುತ್ತಾಗಿ ಚೂರು ಮುಂದೆ ಹೋದರೆ 3.909, ಸರಿಯಾಗಿ 41 ಆದರೆ 4.1, 43 ಆದರೆ 4.3, 37 ಆದರೆ 3.7, 33 ದಾಟಿ ಚೂರು ಆದರೆ 3.307, 30 ಮುಗಿದು ಮುಕ್ಕಾಲು ಸುತ್ತಿಗೆ ತುಸು ಕಡಿಮೆ ಆದರೆ 3.071.

20 ಸುತ್ತು ತಿರುಗಿಸಿ 10ರಿಂದ ಭಾಗಿಸುವುದು ಯಾಕೆ ಎಂಬುದನ್ನು ಬಿಡಿಸಿ ಹೇಳಬೇಕು. ಬಹಳ ಮಂದಿ ಎಡವುವುದು ಇಲ್ಲೇ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಕ್ರೌನ್ ವೀಲ್ ತಿರುಗುವುದು ಎರಡು ಚಕ್ರಗಳ ಸುತ್ತಿನ ಸರಾಸರಿಯಷ್ಟು. ಒಂದು ಚಕ್ರ ನೆಲ ಕಚ್ಚಿ ನಿಂತಿದೆ, ಅದರ ಸುತ್ತು ಸೊನ್ನೆ. ಇನ್ನೊಂದು 20 ಸುತ್ತು ಹೋದಾಗ ಸರಾಸರಿ 10, ಅಂದರೆ ಕ್ರೌನ್ 10 ಸುತ್ತು ತಿರುಗಿದೆ. ಇದನ್ನು ಮರೆತು ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಎಂದು ನೋಡಿದವರಿಗೆ 1.95ರಷ್ಟು ಬರುತ್ತದೆ. ಅಂಥ ಆಕ್ಸಲ್ ಯಾವ ಕಾರಿನಲ್ಲೂ ಇಲ್ಲ. ಅದನ್ನು ಇಮ್ಮಡಿ ಮಾಡಿದರೆ ಉತ್ತರ ಸಿಕ್ಕಿತು.

ಎರಡೇ ಸುತ್ತು ತಿರುಗಿಸಿ ಶಾಫ್ಟ್ ನಾಲ್ಕಕ್ಕೆ ಸ್ವಲ್ಪ ಕಡಿಮೆ ಬಂತು ಎಂದು ಮುಗಿಸಿಬಿಡುವವರೂ ಇದ್ದಾರೆ. ಅದರಲ್ಲಿ ಶಾಫ್ಟನ್ನು ಎಂಟನೇ ಒಂದು ಸುತ್ತು ತಪ್ಪಾಗಿ ಓದಿದರೆ ಉತ್ತರ 0.125ರಷ್ಟು ಜಾರುತ್ತದೆ. 3.909ಕ್ಕೂ 4.1ಕ್ಕೂ ಇರುವ ಅಂತರವೇ 0.19. ಪ್ಲೇ ಕೂಡ ಸೇರಿಕೊಂಡರೆ ಯಾವುದು ಯಾವುದೆಂದು ಹೇಳಲಾಗದು. 20 ಸುತ್ತಿನಲ್ಲಿ ಅದೇ ಎಂಟನೇ ಒಂದು ಸುತ್ತಿನ ತಪ್ಪು 0.0125ಕ್ಕೆ ಇಳಿಯುತ್ತದೆ. ಐದು ನಿಮಿಷ ಹೆಚ್ಚು ಹಿಡಿದರೂ ಈ ತಾಳ್ಮೆ ಇರಲಿ.

ತಿರುಗಿಸುವಾಗ ಗೆರೆ ದಾಟಿ ಮುಂದೆ ಹೋದರೆ ಹಾಗೇ ಹಿಂದಕ್ಕೆ ತಂದು ನಿಲ್ಲಿಸಬೇಡಿ, ಪ್ಲೇ ಮತ್ತೆ ಲೆಕ್ಕಕ್ಕೆ ಸೇರುತ್ತದೆ. ಕಾಲು ಸುತ್ತು ಹಿಂದೆ ಹೋಗಿ, ಪುನಃ ಮುಂದಿನ ದಿಕ್ಕಿನಲ್ಲೇ ಬಂದು ಗೆರೆಗೆ ನಿಲ್ಲಿಸಿ. ನೆಲದ ಮೇಲಿನ ಚಕ್ರ ಅಡ್ಡಗಟ್ಟೆಯ ನಡುವೆ ಸರಿದಾಡದಂತೆಯೂ ಗಮನವಿರಲಿ: ಅದು 5 ಸೆಂ.ಮೀ. ಉರುಳಿದರೆ ಶಾಫ್ಟಿನ ಲೆಕ್ಕದಲ್ಲಿ ಸುಮಾರು 0.05 ಸುತ್ತಿನ ವ್ಯತ್ಯಾಸ. ಇದು ಸಣ್ಣದು, ಆದರೆ ಮುಂದಿನ ಪರೀಕ್ಷೆಯನ್ನು ಕೆಡಿಸಲು ಸಾಕು. ಎತ್ತಿದ ಚಕ್ರಕ್ಕೆ ಬ್ರೇಕ್ ಶೂ ಉಜ್ಜುತ್ತಿದ್ದರೆ ಬ್ಯಾಕ್‌ಪ್ಲೇಟಿನ ಅಡ್ಜಸ್ಟರ್ ಸ್ವಲ್ಪ ಸಡಿಲಿಸಿ, ಕೆಲಸ ಮುಗಿದ ಮೇಲೆ ಮರೆಯದೆ ಮತ್ತೆ ಹೊಂದಿಸಿ.

ಗೆರೆ ಮರಳಿ ಕೂಡುವ ಪರೀಕ್ಷೆ

ಎಣಿಕೆ 39ರ ಆಸುಪಾಸು ಬಂದಾಗ ಒಂದು ಸಂಶಯ ಉಳಿಯುತ್ತದೆ: ಇದು 43/11 ಇರಬಹುದೇ, 39/10 ಇರಬಹುದೇ? ಎಂಜಿ ಮಿಡ್ಜೆಟ್‌ನಂಥ ಚಿಕ್ಕ ಕಾರುಗಳ 3.9 ನಿಜವಾಗಿಯೂ 39/10. ಮಿಡ್ಜೆಟ್ ಜೋಡಿ ಎಂಜಿಬಿ ಹೌಸಿಂಗಿನಲ್ಲಿ ಕೂರುವುದಿಲ್ಲ ನಿಜ. ಆದರೂ ಭಿನ್ನರಾಶಿಯನ್ನು ಖಚಿತವಾಗಿ ಹಿಡಿಯುವ ಈ ಉಪಾಯ ಯಾವ ಕಾರಿಗೂ ಒದಗುತ್ತದೆ.

ಕ್ರೌನ್ ವೀಲ್ ಪಿನಿಯನ್ ಹಲ್ಲಿನ ಸಂಖ್ಯೆಯಷ್ಟು ಸುತ್ತು ತಿರುಗಿದರೆ ಶಾಫ್ಟ್ ಪೂರ್ಣಾಂಕದಷ್ಟು ಸುತ್ತು ಮುಗಿಸಿ ತನ್ನ ಗೆರೆಗೇ ವಾಪಸು ಬರುತ್ತದೆ. 43/11ರಲ್ಲಿ ಕ್ರೌನ್ 11 ಸುತ್ತು, ಅಂದರೆ ಎತ್ತಿದ ಚಕ್ರ 22 ಸುತ್ತು ಹೋದಾಗ ಶಾಫ್ಟ್ ಸರಿಯಾಗಿ 43 ಸುತ್ತು ಆಗಿ ಎರಡೂ ಗೆರೆಗಳು ಒಟ್ಟಿಗೆ ಸೂಚಿಯ ಎದುರು ನಿಲ್ಲುತ್ತವೆ. ಅಲ್ಲಿ 39/10 ಇದ್ದರೆ 42.9ರಲ್ಲಿ, ಅಂದರೆ ಗೆರೆ 36 ಡಿಗ್ರಿ ಹಿಂದೆ ನಿಲ್ಲುತ್ತದೆ. ಫ್ಲೇಂಜ್ ಮೇಲೆ 36 ಡಿಗ್ರಿ ಕಣ್ಣಿಗೆ ಚೆನ್ನಾಗಿ ಕಾಣುವ ಅಂತರ.

ಹಾಗಾಗಿ ಮೊದಲು 20 ಸುತ್ತಿನಿಂದ ಅಂದಾಜು ಪಡೆಯಿರಿ, ನಂತರ ಆ ಅಂದಾಜಿನ ಪಿನಿಯನ್ ಹಲ್ಲಿನ ಎರಡರಷ್ಟು ಸುತ್ತು ತಿರುಗಿಸಿ ಗೆರೆ ಕೂಡುತ್ತದೆಯೇ ನೋಡಿ. 43/13ಕ್ಕೆ 26 ಸುತ್ತು, 43/14ಕ್ಕೆ 28. ಗೆರೆ ಕೂಡಿದರೆ ಆ ಭಿನ್ನರಾಶಿಯೇ ಸರಿ.

ನಡುವೆ ಎಲ್ಲಿಯೂ ಗೆರೆಗಳು ಒಟ್ಟಿಗೆ ಬರದಿರುವುದು ಆಕಸ್ಮಿಕವಲ್ಲ. 43ಕ್ಕೂ 11ಕ್ಕೂ ಸಾಮಾನ್ಯ ಅಪವರ್ತನ ಇಲ್ಲದ ಕಾರಣ ಪಿನಿಯನ್‌ನ ಪ್ರತಿಯೊಂದು ಹಲ್ಲೂ ಸರದಿಯಲ್ಲಿ ಕ್ರೌನ್‌ನ ಪ್ರತಿಯೊಂದು ಹಲ್ಲನ್ನೂ ಮುಟ್ಟುತ್ತದೆ, ಸವೆತ ಸಮನಾಗಿ ಹಂಚಿಹೋಗುತ್ತದೆ. ಗೇರ್ ವಿನ್ಯಾಸ ಮಾಡಿದವರು ಬೇಕೆಂದೇ ಆರಿಸಿದ ಸಂಖ್ಯೆಗಳಿವು.

ಎರಡೂ ಚಕ್ರ ಮೇಲಿದ್ದರೆ

ಗ್ಯಾರೇಜಿನ ಲಿಫ್ಟ್ ಮೇಲೆ ಎರಡೂ ಚಕ್ರ ಗಾಳಿಯಲ್ಲಿರುತ್ತವೆ. ಆಗ ಒಂದು ಚಕ್ರ ತಿರುಗಿಸಿದರೆ ಇನ್ನೊಂದು ಉಲ್ಟಾ ತಿರುಗಿ ಶಾಫ್ಟ್ ನಿಂತಲ್ಲೇ ಇರಬಹುದು, ಎಣಿಕೆಗೆ ಅರ್ಥವಿರುವುದಿಲ್ಲ. ಬದಲಿಗೆ ಶಾಫ್ಟನ್ನೇ ಕೈಯಿಂದ ತಿರುಗಿಸಿ, ಎರಡೂ ಚಕ್ರಗಳ ಸುತ್ತನ್ನು ಬೇರೆಬೇರೆ ಎಣಿಸಿ, ಕೂಡಿಸಿ ಅರ್ಧ ಮಾಡಿ. ಶಾಫ್ಟ್ 43 ಸುತ್ತಿಗೆ ಎಡಚಕ್ರ ಹನ್ನೆರಡೂವರೆ, ಬಲಚಕ್ರ ಒಂಬತ್ತೂವರೆ ಸುತ್ತಿದರೆ ಮೊತ್ತ 22, ಅರ್ಧ 11, ಅನುಪಾತ 43/11. ಒಂದು ಚಕ್ರವನ್ನು ಯಾರಾದರೂ ಅಲುಗದಂತೆ ಹಿಡಿದುಕೊಂಡರೆ ಮೊದಲಿನ ವಿಧಾನವೇ ಸಾಕು.

ಎರಡೂ ಚಕ್ರ ಬೇರೆಬೇರೆಯಾಗಿ ತಿರುಗುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಲೆಕ್ಕವೇ ಬೇರೆ. ಎಂಜಿಬಿಯಲ್ಲಿ ಕಾರ್ಖಾನೆಯಿಂದ ಬಂದಿರುವುದಿಲ್ಲ, ರೇಸಿಗೆ ಸಜ್ಜಾದ ಕಾರಿನಲ್ಲಿ ಇರಬಹುದು. ಜಾಗ್ವಾರ್ ಇ-ಟೈಪ್‌ನಲ್ಲಿ ಇರುವುದು ಮಾಮೂಲು. ಗುರುತಿಸುವುದು ಸುಲಭ: ಎರಡೂ ಚಕ್ರ ಎತ್ತಿ, ಗೇರ್ ಹಾಕಿ ಶಾಫ್ಟ್ ತಿರುಗದಂತೆ ಮಾಡಿ, ಒಂದು ಚಕ್ರ ತಿರುಗಿಸಲು ನೋಡಿ. ಇನ್ನೊಂದು ಸಲೀಸಾಗಿ ಉಲ್ಟಾ ತಿರುಗಿದರೆ ಸಾಮಾನ್ಯ ಡಿಫರೆನ್ಷಿಯಲ್. ಚಕ್ರ ಬಿಗಿಯಾಗಿ ನಿಂತರೆ ಲಿಮಿಟೆಡ್ ಸ್ಲಿಪ್. ಅಂಥದ್ದರಲ್ಲಿ ನ್ಯೂಟ್ರಲ್‌ಗೆ ಬಂದು ಎರಡೂ ಚಕ್ರ ಎತ್ತಿಯೇ ಎಣಿಸಬೇಕು. ಎರಡೂ ಒಟ್ಟಿಗೆ ಒಂದೇ ದಿಕ್ಕಿಗೆ ಹೋಗುವುದರಿಂದ ಚಕ್ರದ 10 ಸುತ್ತು ಎಂದರೆ ಕ್ರೌನ್‌ನದೂ 10 ಸುತ್ತು, ಇಮ್ಮಡಿ ಮಾಡುವ ಮಾತಿಲ್ಲ. ಇ-ಟೈಪ್‌ನ ಸ್ಯಾಲಿಸ್‌ಬರಿ ಯೂನಿಟ್ಟಿನ ಕವರ್ ಬೋಲ್ಟಿಗೆ ಹಲ್ಲಿನ ಸಂಖ್ಯೆ ಕೊರೆದ ಪುಟ್ಟ ಲೋಹದ ತಗಡೂ ಸಿಕ್ಕಿಸಿರುತ್ತದೆ. ಅದನ್ನು ಸುಳಿವು ಎಂದಷ್ಟೇ ತೆಗೆದುಕೊಳ್ಳಿ. ಒಳಗಿನ ಗೇರ್ ಬದಲಾಗಿ ತಗಡು ಅಲ್ಲೇ ಉಳಿದಿರಬಹುದು.

ರಸ್ತೆಯ ಮೇಲೆ ಅಳೆಯುವುದು

ಕಾರು ಎತ್ತಲು ಅನುಕೂಲವಿಲ್ಲದಾಗ, ಅಥವಾ ಕೊಳ್ಳುವ ಮುಂಚೆ ಪರೀಕ್ಷೆಗೆ ಓಡಿಸುವಾಗ ಇದು ಉಪಯೋಗಕ್ಕೆ ಬರುತ್ತದೆ. ಎಂಜಿಬಿಯ ನಾಲ್ಕನೇ ಗೇರ್ ನೇರ, 1.000. ಹಾಗಾಗಿ ಎಂಜಿನ್ ಸುತ್ತೇ ಶಾಫ್ಟಿನ ಸುತ್ತು. ಸೂತ್ರ ಹೀಗೆ:

ಅನುಪಾತ = ಆರ್‌ಪಿಎಂ × ಟೈರಿನ ಸುತ್ತಳತೆ ಮೀಟರಿನಲ್ಲಿ × 0.06 ÷ ವೇಗ ಕಿ.ಮೀ./ಗಂಟೆ

ಸುತ್ತಳತೆಯನ್ನು ಟೈರಿನ ಮೇಲಿನ ಅಂಕಿಯಿಂದ ಲೆಕ್ಕ ಹಾಕಬೇಡಿ, ಟೈರಿಗೆ ಟೇಪು ಸುತ್ತಿಯೂ ಅಳೆಯಬೇಡಿ. ಭಾರ ಬಿದ್ದಾಗ ಟೈರು ಚಪ್ಪಟೆಯಾಗಿ ಒಂದು ಸುತ್ತಿನಲ್ಲಿ ಕ್ರಮಿಸುವ ದೂರ ಶೇ. 3ರಿಂದ 4ರಷ್ಟು ಕಡಿಮೆಯಾಗುತ್ತದೆ. ಗಾಳಿ ಸರಿಯಾಗಿ ತುಂಬಿಸಿ, ಚಾಲಕರನ್ನು ಕೂರಿಸಿ, ಟೈರಿನ ಗೆರೆ ನೆಲ ಮುಟ್ಟುವಲ್ಲಿ ಸೀಮೆಸುಣ್ಣದ ಗುರುತು ಹಾಕಿ, ನೇರವಾಗಿ ಐದು ಸುತ್ತು ತಳ್ಳಿ, ದೂರ ಅಳೆದು ಐದರಿಂದ ಭಾಗಿಸಿ. 165ಆರ್14 ಟೈರಿಗೆ 1.88 ಮೀಟರಿನ ಹತ್ತಿರ ಬರುತ್ತದೆ.

ವೇಗಕ್ಕೆ ಫೋನಿನ ಜಿಪಿಎಸ್ ಸಾಕು. ಸಮತಟ್ಟಾದ ನೇರ ರಸ್ತೆಯಲ್ಲಿ 3000 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಸ್ಥಿರವಾಗಿ ಹೋಗಿ, ಅಂಕಿಯನ್ನು ಪಕ್ಕದಲ್ಲಿ ಕೂತವರು ಓದಲಿ. 86.5 ಕಿ.ಮೀ. ಬಂದರೆ 3000 × 1.88 × 0.06 = 338.4, ಅದನ್ನು 86.5ರಿಂದ ಭಾಗಿಸಿದರೆ 3.91.

ಈ ವಿಧಾನದ ದೌರ್ಬಲ್ಯ ಎಂಜಿನ್ ಸುತ್ತು ತೋರಿಸುವ ಟ್ಯಾಕೋಮೀಟರ್. ಹಳೆಯ ಸ್ಮಿತ್ಸ್ ಕಂಪನಿಯ ಮೀಟರು ಶೇ. 5 ಹೆಚ್ಚು ತೋರಿಸಿದರೆ 3.909 ಆಕ್ಸಲ್ 4.1 ಎಂದು ಕಾಣುತ್ತದೆ, ಎಲ್ಲ ಲೆಕ್ಕವೂ ಸರಿಯಾಗಿದ್ದರೂ ಉತ್ತರ ತಪ್ಪು. ಮೊದಲು ಆರ್‌ಪಿಎಂ ತೋರಿಸುವ ಟೈಮಿಂಗ್ ಲೈಟಿನಿಂದ ಮೀಟರನ್ನು 3000ದಲ್ಲಿ ಪರೀಕ್ಷಿಸಿಕೊಳ್ಳಿ. ಎರಡನೆಯ ಬಲೆ ಟೈರು. 175/70ಆರ್14 ಹಾಕಿರುವ ಕಾರಿನಲ್ಲಿ ಮೂಲ ಟೈರಿನ ಸುತ್ತಳತೆ ಬಳಸಿದರೆ ಉತ್ತರ 4.05ರ ಆಸುಪಾಸಿಗೆ ಏರುತ್ತದೆ.

ಮೂರನೆಯದು ಓವರ್‌ಡ್ರೈವ್. ಮೊದಲಿನ ಲೇಕಾಕ್ ಡಿ-ಮಾದರಿಯ ಓವರ್‌ಡ್ರೈವ್ ಅನುಪಾತ 0.802, ನಂತರದ ಎಲ್ಎಚ್‌ನದು 0.82. ಗೊತ್ತಿಲ್ಲದೆ ಓವರ್‌ಡ್ರೈವ್ ಬಿದ್ದಿರುವಾಗ ಅಳೆದರೆ 3.909 ಆಕ್ಸಲ್ 3.13 ಅಥವಾ 3.2 ಎಂದು ತೋರುತ್ತದೆ. ವಿ8ನ 3.071ಕ್ಕೆ ಇದು ಎಷ್ಟು ಹತ್ತಿರ ನೋಡಿ. ಸ್ವಿಚ್ ಕೆಟ್ಟು ಸದಾ ಓವರ್‌ಡ್ರೈವ್‌ನಲ್ಲೇ ಇರುವ ಕಾರನ್ನು "ಉದ್ದ ಆಕ್ಸಲ್ (ಕಡಿಮೆ ಅನುಪಾತದ್ದು) ಹಾಕಿದ್ದಾರೆ" ಎಂದು ಕೊಳ್ಳುವ ಅಪಾಯ ನಿಜವಾದದ್ದು. ಸ್ವಿಚ್ ಹಾಕಿ ತೆಗೆದಾಗ ಆರ್‌ಪಿಎಂ ಬದಲಾಗುತ್ತದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ರಸ್ತೆಯ ಅಳತೆ 4.3 ಮತ್ತು 3.7ನ್ನು ಬೇರ್ಪಡಿಸಬಲ್ಲದು, ಅದಕ್ಕಿಂತ ಸೂಕ್ಷ್ಮ ಬೇಕಾದರೆ ಚಕ್ರ ಎತ್ತಿ ಎಣಿಸುವುದೇ ದಾರಿ.

ಆಕ್ಸಲ್ ಬಿಚ್ಚಿದ್ದರೆ ಹಲ್ಲೆಣಿಕೆ

ಎಂಜಿಬಿಯಲ್ಲಿ ಎರಡು ಬಗೆಯ ಆಕ್ಸಲ್ ಬಂದಿವೆ. 1967ರವರೆಗಿನ ರೋಡ್‌ಸ್ಟರ್‌ಗಳಲ್ಲಿ (ತೆರೆದ ಮೇಲ್ಭಾಗದ ಮಾದರಿ) ಬ್ಯಾಂಜೊ. 1965ರಲ್ಲಿ ಬಂದ ಗಟ್ಟಿ ಛಾವಣಿಯ ಜಿಟಿಯಲ್ಲಿ ಮೊದಲಿನಿಂದಲೂ, ರೋಡ್‌ಸ್ಟರ್‌ನಲ್ಲಿ 1967ರಿಂದ ಸ್ಯಾಲಿಸ್‌ಬರಿ ಮಾದರಿಯ ಕೊಳವೆ ಆಕ್ಸಲ್. ಬ್ಯಾಂಜೊದ ಹಿಂಬದಿಯ ಗುಮ್ಮಟ ವೆಲ್ಡ್ ಆಗಿರುತ್ತದೆ, ತೆರೆಯಲಾಗದು. ಚಕ್ರಗಳಿಗೆ ಹೋಗುವ ಹಾಫ್ ಶಾಫ್ಟ್‌ಗಳನ್ನು ಹೊರಗೆಳೆದು ಇಡೀ ಡಿಫರೆನ್ಷಿಯಲ್ಲನ್ನು ಮುಂದಿನಿಂದ ತೆಗೆಯಬೇಕು. ಸ್ಯಾಲಿಸ್‌ಬರಿಯಲ್ಲಿ ಎಣ್ಣೆ ಇಳಿಸಿ ಹಿಂದಿನ ಕವರ್ ಬಿಚ್ಚಿದರೆ ಕ್ರೌನ್ ವೀಲ್ ಕಣ್ಣೆದುರೇ ಇರುತ್ತದೆ.

ಒಂದು ಹಲ್ಲಿಗೆ ಪೇಂಟು ಹಚ್ಚಿ, ಅಲ್ಲಿಂದ ಎಣಿಸುತ್ತಾ ಅದೇ ಹಲ್ಲು ಮರಳಿ ಬರುವವರೆಗೆ ತಿರುಗಿಸಿ. ಪಿನಿಯನ್ ಕ್ರೌನ್‌ನ ಮರೆಯಲ್ಲಿರುವುದರಿಂದ ಎಣಿಸಲು ಕಷ್ಟ, ಅಗತ್ಯವೂ ಇಲ್ಲ. ಕ್ರೌನ್ 43 ಎಂದು ಗೊತ್ತಾಗಿ ಸುತ್ತಿನ ಎಣಿಕೆಯಲ್ಲಿ 3.9 ಬಂದಿದ್ದರೆ 43 ÷ 3.9 = 11.03, ಅಂದರೆ 11. ಗೇರುಗಳ ಮೇಲೆ ಕೊರೆದ ಅಂಕಿಗಳನ್ನು ಕಂಡು ಹಲ್ಲಿನ ಸಂಖ್ಯೆ ಎಂದು ಭಾವಿಸಬೇಡಿ. ಅವು ಸಾಮಾನ್ಯವಾಗಿ ಜೋಡಿಯ ಕ್ರಮಸಂಖ್ಯೆ, ಇಡಬೇಕಾದ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಪ್ಲೇ), ಪಿನಿಯನ್ ಆಳದ ವ್ಯತ್ಯಾಸ ಇಂಥವು. ಮತ್ತೆ ಜೋಡಿಸುವವರಿಗೆ ಅವು ಬೇಕೇ ಬೇಕು, ಹಾಗಾಗಿ ಬರೆದಿಟ್ಟುಕೊಳ್ಳಿ.

ಮುಚ್ಚುವಾಗ ಹೊಸ ಗ್ಯಾಸ್ಕೆಟ್ ಹಾಕಿ ಇಪಿ90 ಹೈಪಾಯಿಡ್ ಎಣ್ಣೆ ತುಂಬಿಸಿ. ಕೊಳವೆ ಆಕ್ಸಲ್‌ಗೆ ಸುಮಾರು 0.85 ಲೀಟರ್, ಬ್ಯಾಂಜೊಗೆ 1.28 ಲೀಟರ್. ಕಾರು ಸಮತಟ್ಟಾಗಿ ನಿಂತಿರುವಾಗ ಫಿಲ್ಲರ್ ತೂತಿನ ಕೆಳ ಅಂಚಿಗೆ ಬಂದರೆ ಸಾಕು.

ಟ್ರಯಂಫ್ ಸ್ಪಿಟ್‌ಫೈರ್ ಇರುವವರಿಗೆ

ನಮ್ಮಲ್ಲಿ ಇನ್ನೊಂದು ಬ್ರಿಟಿಷ್ ಸ್ಪೋರ್ಟ್ಸ್ ಕಾರಾದ ಸ್ಪಿಟ್‌ಫೈರ್ ಉಳಿಸಿಕೊಂಡವರಿಗೆ ಈ ಎಣಿಕೆ ಇನ್ನೂ ಮುಖ್ಯ. ಅದರ ಡಿಫರೆನ್ಷಿಯಲ್ ಟ್ರಯಂಫ್ ಹೆರಾಲ್ಡ್‌ನ ವಂಶದ್ದು, ಆ ಹೆರಾಲ್ಡನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ತಯಾರಿಸುತ್ತಿತ್ತು. ಕೆಟ್ಟ ಡಿಫರೆನ್ಷಿಯಲ್ ಜಾಗದಲ್ಲಿ ಹೆರಾಲ್ಡ್‌ನದು ಬಂದು ಕೂತಿರಲು ಎಲ್ಲ ಅವಕಾಶವಿದೆ. ಮೊದಲ ಮೂರು ಮಾರ್ಕ್‌ಗಳ ಸ್ಪಿಟ್‌ಫೈರ್‌ಗೆ 4.11, ಅಂದರೆ 37/9. 948 ಸಿಸಿ ಹೆರಾಲ್ಡ್‌ಗೆ ಇಂಗ್ಲೆಂಡಿನಲ್ಲಿ ಕೊಟ್ಟದ್ದು 4.875, ಅಂದರೆ 39/8. ಎರಡನೆಯದು ಇದ್ದರೆ ಅದೇ ವೇಗಕ್ಕೆ ಎಂಜಿನ್ ಶೇ. 18.6 ಹೆಚ್ಚು ಸುತ್ತಬೇಕು. ಎತ್ತಿದ ಚಕ್ರ 18 ಸುತ್ತಿಗೆ ಶಾಫ್ಟ್ 37ರಲ್ಲಿ ಗೆರೆ ಕೂಡಿದರೆ 4.11, 16 ಸುತ್ತಿಗೆ 39ರಲ್ಲಿ ಕೂಡಿದರೆ 4.875. ಎತ್ತಿದಾಗ ಚಕ್ರ ಕೆಳಗೆ ಜೋತುಬಿದ್ದು ಜಾಯಿಂಟ್ ಓರೆಯಾಗುತ್ತದೆ. ಒಂದು ಸುತ್ತಿನೊಳಗೆ ವೇಗ ಏರಿಳಿದರೂ ಪೂರ್ಣ ಸುತ್ತುಗಳ ಎಣಿಕೆಗೆ ಅದರಿಂದ ಬಾಧೆಯಿಲ್ಲ.

ಅಂಕಿ ಸಿಕ್ಕ ಮೇಲೆ

1.88 ಮೀಟರ್ ಟೈರಿನಲ್ಲಿ, ಓವರ್‌ಡ್ರೈವ್ ಇಲ್ಲದೆ 100 ಕಿ.ಮೀ. ವೇಗಕ್ಕೆ ಬೇಕಾಗುವ ಆರ್‌ಪಿಎಂ ಹೀಗಿರುತ್ತದೆ: 4.3ಕ್ಕೆ 3810, 4.1ಕ್ಕೆ 3635, 3.909ಕ್ಕೆ 3465, 3.7ಕ್ಕೆ 3280, 3.307ಕ್ಕೆ 2930, 3.071ಕ್ಕೆ 2720. ಓವರ್‌ಡ್ರೈವ್ ಕೆಲಸ ಮಾಡುವ ಕಾರಿನಲ್ಲಿ 3.909 ಬದಲಿಸುವುದು ವ್ಯರ್ಥ ಖರ್ಚು. ಹೆದ್ದಾರಿಯಲ್ಲಿ ಅದು 3.13ರಂತೆ ನಡೆಯುತ್ತದೆ, ಘಾಟಿಯಲ್ಲಿ ಸ್ವಿಚ್ ತೆಗೆದರೆ ಎಳೆತವೂ ಉಳಿದಿರುತ್ತದೆ. ಬದಲಿಸಲೇಬೇಕಾದರೆ ಬ್ಯಾಂಜೊ ಆಕ್ಸಲ್ ಸುಲಭ, ಇಡೀ ಡಿಫರೆನ್ಷಿಯಲ್ ಬದಲಿಸಬಹುದು. ಆದರೆ ಕೊಳ್ಳುವ ಮುಂಚೆ ಹಾಫ್ ಶಾಫ್ಟಿನ ಸ್ಪ್ಲೈನ್ (ತುದಿಯ ಉದ್ದುದ್ದ ಹಲ್ಲುಗಳು) ಎಣಿಸಿ ಹೋಲಿಸಿ. ಸ್ಯಾಲಿಸ್‌ಬರಿಯಲ್ಲಿ ಪಿನಿಯನ್ ಆಳ, ಬೇರಿಂಗ್ ಪ್ರಿಲೋಡ್, ಬ್ಯಾಕ್‌ಲ್ಯಾಶ್ ಎಲ್ಲವನ್ನೂ ಶಿಮ್ (ತೆಳು ಲೋಹದ ಹಾಳೆ) ಹಾಕಿ ಹೊಂದಿಸಬೇಕು, ಅದು ಡಯಲ್ ಗೇಜ್ ಬಲ್ಲವರ ಕೆಲಸ.

ಸ್ಪೀಡೋಮೀಟರ್ ಗೇರ್‌ಬಾಕ್ಸ್‌ನ ಹಿಂತುದಿಯಿಂದ ನಡೆಯುವುದರಿಂದ ಆಕ್ಸಲ್ ಬದಲಾದರೆ ಅದೂ ತಪ್ಪುತ್ತದೆ. 3.909ರ ಜಾಗಕ್ಕೆ 3.7 ಬಂದರೆ ಮುಳ್ಳು ಶೇ. 5.3 ಕಡಿಮೆ ತೋರಿಸುತ್ತದೆ: ಮುಳ್ಳು 80ರಲ್ಲಿದ್ದಾಗ ಕಾರು 84.5ರಲ್ಲಿ ಓಡುತ್ತಿರುತ್ತದೆ. ಪರೀಕ್ಷಿಸಲು ಸ್ಮಿತ್ಸ್ ಮೀಟರಿನ ಮುಖದ ಮೇಲೆ ಸಣ್ಣದಾಗಿ ಅಚ್ಚಾದ 1280ರಂಥ ಅಂಕಿ ನೋಡಿ. ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತಬೇಕು ಎಂಬುದು ಅದು. ಕೇಬಲನ್ನು ಮೀಟರಿನ ಕಡೆ ಬಿಚ್ಚಿ, ಒಳಎಳೆಗೆ ಕಾಗದದ ಬಾಣ ಅಂಟಿಸಿ, ಕಾರನ್ನು ನೇರವಾಗಿ 16.09 ಮೀಟರ್ ತಳ್ಳಿ. ಅದು ಮೈಲಿಯ ನೂರನೇ ಒಂದು ಭಾಗ. ಕೇಬಲ್ ಸುತ್ತಿದ್ದನ್ನು ಕಾಲು ಸುತ್ತಿನವರೆಗೂ ನೋಡಿ ಎಣಿಸಿ 100ರಿಂದ ಗುಣಿಸಿ. 12.8 ಸುತ್ತು ಬಂದರೆ 1280ರ ಮೀಟರಿಗೆ ಸರಿ. 12.1 ಬಂದರೆ ಶೇ. 5ಕ್ಕೂ ಹೆಚ್ಚು ಕಡಿಮೆ, ಮೀಟರು ರಿಪೇರಿಯವರಿಗೆ 1210 ಎಂಬ ಅಂಕಿ ಕೊಟ್ಟರೆ ಅದಕ್ಕೆ ತಕ್ಕಂತೆ ಹೊಂದಿಸಿಕೊಡುತ್ತಾರೆ. ಈ ಅಳತೆಯನ್ನು ಮುಂದೆ ಬಳಸಲಿರುವ ಟೈರುಗಳ ಮೇಲೆಯೇ ಮಾಡಿ; ಟೈರು ಬದಲಿಸುವ ಯೋಚನೆಯಿದ್ದರೆ ಮೊದಲು ಟೈರು, ಆಮೇಲೆ ಮೀಟರು.